ಜೀನ್ಸ್ ಬೇಡ, ಚರ್ಮ ಹೊಲಿದು ತೋರಿಸಿ

ನಾನು ಯಾಕೆ ಸಾರಿ ಅಂದೆ?

ಮಧ್ಯಾಹ್ನದಿಂದ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ. ಹೊಲಿಗೆ ಮೆಷಿನ್ ವಿಷಯ ಇರಲಿ. ದುಡ್ಡಿನ ವಿಷಯವೂ ಇರಲಿ. ಮುರಿದ ಸೂಜಿಗಳ ಲೆಕ್ಕವೂ ಬೇಡ. ಅಷ್ಟು ಜನರ ಮುಂದೆ, ಅದನ್ನು ಮಾರಿದ ಅಂಗಡಿಯವನು ಎಂಟು ಮಡಿಕೆ ಜೀನ್ಸ್ ಹೊಲಿದು, ಆ ತುಂಡನ್ನು ನನ್ನ ಕೈಗೆ ಇಟ್ಟ. ನಾನು "ಸಾರಿ" ಅಂದೆ. ಮೋಸ ಹೋದವಳು ನಾನು. ಸಾರಿ ಕೇಳಿದವಳೂ ನಾನೇ.

ಆ ಮೆಷಿನ್‌ನ ಡಬ್ಬ ಈಗಲೂ ಎದುರಿಗೇ ಇದೆ. ಅದರ ಮೇಲೆ ಚರ್ಮದ ಬ್ಯಾಗಿನ ಚಿತ್ರ. ಕಂದು ಬಣ್ಣ, ದಪ್ಪ ಹಿಡಿ, ಬಿಳಿ ನೂಲಿನ ದೊಡ್ಡ ದೊಡ್ಡ ಹೊಲಿಗೆ. ಪಕ್ಕದಲ್ಲಿ "ಹೆವಿ ಡ್ಯೂಟಿ" ಅಂತ ದಪ್ಪ ಅಕ್ಷರ. ಕೆಳಗೆ ಮೂರು ಪದ. ಜೀನ್ಸ್, ಕ್ಯಾನ್ವಾಸ್, ಲೆದರ್. ಲೆದರ್ ಅಂತಲೇ ಬರೆದಿದೆ. ನಾನು ಕನಸು ಕಂಡಿದ್ದಲ್ಲ.

ಇವತ್ತು ಆ ಮೆಷಿನ್ ಹೊತ್ತುಕೊಂಡು ಅಂಗಡಿಗೆ ಹೋದೆ. ಕೌಂಟರ್ ಮೇಲೆ ಇಟ್ಟೆ. ಚೀಲದಿಂದ ನನ್ನ ಚರ್ಮದ ತುಂಡು ತೆಗೆದೆ. ಮೂರು ಪದರ, ಒಂದೊಂದೂ 2 ಮಿ.ಮೀ. ಬ್ಯಾಗಿಗೆ ಹಿಡಿ ಕೂರುವ ಜಾಗ ಅದು. ಮೊದಲು ನಾಲ್ಕು ಹೊಲಿಗೆ ಸರಿಯಾಗಿ ಬಿದ್ದಿದೆ. ಆಮೇಲೆ ಮೂರು ತಪ್ಪಿದೆ. ಆಮೇಲೆ ಸೂಜಿಯ ತುದಿ ಒಳಗೇ ಉಳಿದಿದೆ. ಯಾರಿಗಾದರೂ ತೋರಿಸಬೇಕು ಅಂತಲೇ ಅದನ್ನು ಕೀಳದೆ ಹಾಗೇ ಇಟ್ಟುಕೊಂಡಿದ್ದೆ.

ಅವನು ಅದನ್ನು ಮುಟ್ಟಲೂ ಇಲ್ಲ.

ನನ್ನ ಸೂಜಿ ಬಿಚ್ಚಿ ಪಕ್ಕಕ್ಕೆ ಇಟ್ಟ. ತನ್ನದೊಂದು ಸೂಜಿ ಹಾಕಿದ. ಡ್ರಾಯರ್ ಎಳೆದು ಹಳೇ ಜೀನ್ಸ್ ತುಂಡು ತೆಗೆದ. ಮಡಿಚಿದ. ಮತ್ತೆ ಮಡಿಚಿದ. ಇನ್ನೊಮ್ಮೆ ಮಡಿಚಿದ. ಮಡಿಚುವಾಗ ಎಲ್ಲರಿಗೂ ಕೇಳುವ ಹಾಗೆ ಎಣಿಸಿದ. "ಎರಡು, ನಾಲ್ಕು, ಎಂಟು." ಅಂಗಡಿಯಲ್ಲಿ ಐದಾರು ಜನ ಇದ್ದರು. ಎಲ್ಲರೂ ಹತ್ತಿರ ಬಂದರು. ಅವನು ಪೆಡಲ್ ಒತ್ತಿದ. ಮೆಷಿನ್ ಗರಗರ ಅಂತ ಓಡಿತು. ಒಂದು ಹೊಲಿಗೆಯೂ ತಪ್ಪಲಿಲ್ಲ. ನೂಲು ಕತ್ತರಿಸಿ, ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟು, "ಹೊಲೀತಿದೆ ಅಲ್ವಾ ಮೇಡಂ? ನೀವೇ ನೋಡಿ. ಮೆಷಿನ್ ಸರಿಯಾಗೇ ಇದೆ. ಕೈ ಪಳಗಬೇಕು, ಅಷ್ಟೇ" ಅಂದ.

ಕೈ ಪಳಗಬೇಕಂತೆ.

ಆರು ವರ್ಷದಿಂದ ಕೈಯಲ್ಲೇ ಚರ್ಮ ಹೊಲಿಯುತ್ತಿದ್ದೇನೆ. ದಬ್ಬಳದಿಂದ ತೂತು ಹೊಡೆದು, ಒಂದೇ ನೂಲಿನ ಎರಡು ತುದಿಗೆ ಎರಡು ಸೂಜಿ ಹಾಕಿ, ಒಂದೊಂದು ತೂತಿನಲ್ಲೂ ಎರಡು ಕಡೆಯಿಂದ ಎಳೆಯುತ್ತೇನೆ. ಆ ಹೊಲಿಗೆಯಲ್ಲಿ ನೂಲು ಒಂದು ಕಡೆ ಹರಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಬೆರಳಿನ ಗೆಣ್ಣು ನೋಯುತ್ತದೆ ಅಂತ ತಾನೇ ನಾನು ಮೆಷಿನ್ ಹುಡುಕಿದ್ದು. ಅಕ್ಕ ಎರಡು ವರ್ಷದಿಂದ ಹೇಳುತ್ತಿದ್ದಳು, ತಗೋ ತಗೋ ಅಂತ. ನಾನು ಒಂದು ದಿನದಲ್ಲಿ ತಗೊಂಡವಳಲ್ಲ.

ಆದರೆ ಆ ಹೊತ್ತಿಗೆ ಬಾಯಿ ಕಟ್ಟಿಹೋಯಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಬ್ಬರು ತಲೆ ಆಡಿಸಿದರು, ಅವನ ಕಡೆಗೆ. ನಾನು ಆ ಜೀನ್ಸ್ ತುಂಡನ್ನು ತಿರುಗಿಸಿ ನೋಡಿದೆ. ಹೊಲಿಗೆ ಚೆನ್ನಾಗೇ ಇತ್ತು. "ಸಾರಿ" ಅಂದೆ. ಆಮೇಲೆ ಇನ್ನೂ ಒಂದು ಮಾತು ಬಂತು, "ನಾನೇ ಏನೋ ತಪ್ಪು ಮಾಡಿರಬೇಕು." ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಉತ್ತರ ನನಗೆ ಗೊತ್ತಿತ್ತು! ಗೊತ್ತಿದ್ದೂ ಹೇಳಲಿಲ್ಲ. ಈಗ ಹೇಳುತ್ತೇನೆ, ಯಾರಾದರೂ ಕೇಳಿ.

ಜೀನ್ಸ್ ನೇಯ್ದ ಬಟ್ಟೆ. ಸೂಜಿ ಬಂದರೆ ಅದರ ನೂಲುಗಳು ಆಚೀಚೆ ಸರಿದು ದಾರಿ ಬಿಡುತ್ತವೆ. ಬಟ್ಟೆಯನ್ನು ಮೇಲಿನಿಂದ ಹಿಡಿಯುವ ಫೂಟ್ ಒತ್ತಿದರೆ ಎಂಟು ಮಡಿಕೆಯೂ ಅಮುಕಿಕೊಂಡು ತೆಳ್ಳಗಾಗುತ್ತದೆ. ಚರ್ಮ ಹಾಗಲ್ಲ. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸರಿಯುವುದಕ್ಕೆ ಜಾಗ ಇಲ್ಲ. ಸೂಜಿ ಕೊಯ್ದುಕೊಂಡೇ ಒಳಗೆ ಹೋಗಬೇಕು. ಅದಕ್ಕೇ ಚರ್ಮದ ಸೂಜಿಯ ತುದಿ ಚಿಕ್ಕ ಬ್ಲೇಡಿನ ಹಾಗೆ ಇರುವುದು. ಇನ್ನು ವಾಪಸ್ ಮೇಲೆ ಬರುವಾಗ ಚರ್ಮ ಸೂಜಿಯನ್ನು ಬಿಗಿಯಾಗಿ ಹಿಡಿದುಕೊಂಡು ತಾನೂ ಜೊತೆಗೆ ಎದ್ದು ಬರುತ್ತದೆ. ಹಾಗೆ ಎದ್ದರೆ ಸೂಜಿಯ ಕಣ್ಣಿನ ಹತ್ತಿರ ನೂಲಿನ ಕುಣಿಕೆ ಬೀಳುವುದಿಲ್ಲ. ಕುಣಿಕೆ ಇಲ್ಲದಿದ್ದರೆ ಕೆಳಗಿನ ಹುಕ್ ಏನನ್ನು ಹಿಡಿಯಬೇಕು? ಗಾಳಿಯನ್ನಾ? ಅಲ್ಲಿಗೆ ಹೊಲಿಗೆ ತಪ್ಪಿತು.

ಎಂಟು ಮಡಿಕೆ ಜೀನ್ಸ್ ಅಲ್ಲ, ಹದಿನಾರು ಮಡಿಕೆ ಹೊಲಿದರೂ ಚರ್ಮ ಹೊಲಿಯುತ್ತದೆ ಅಂತ ಅರ್ಥ ಅಲ್ಲ. ಇಷ್ಟೇ ನಾನು ಹೇಳಬೇಕಾಗಿದ್ದ ಮಾತು. ಅರ್ಧ ನಿಮಿಷದ ಮಾತು.

ಧೈರ್ಯ ಮಾಡಿ ಒಂದು ಸಲ ಕೇಳಿದೆ, ಸುಳ್ಳು ಹೇಳುವುದಿಲ್ಲ. "ನನ್ನ ತುಂಡು ಹಾಕಿ ತೋರಿಸಿ" ಅಂದೆ. ಆಗ ಅವನು ಮೊದಲ ಸಲ ಅದನ್ನು ನೋಡಿದ. ಎರಡು ಬೆರಳಲ್ಲಿ ಬಗ್ಗಿಸಲು ಹೋದ, ಅದು ಬಗ್ಗಲಿಲ್ಲ. "ಅಯ್ಯೋ, ಇದನ್ನೆಲ್ಲ ಹಾಕ್ತಾರಾ ಮೇಡಂ ಇದಕ್ಕೆ? ಲೆದರ್ ಅಂದ್ರೆ ಮೆತ್ತನೇ ಲೆದರ್. ಜಾಕೆಟ್‌ದು, ಪರ್ಸ್‌ದು. ಇದು ಹಾಕಿದ್ರೆ ವಾರಂಟಿ ಹೋಗುತ್ತೆ."

ಮೊದಲು ಕೈ ಪಳಗಿಲ್ಲ ಅಂದ. ಆಮೇಲೆ ಚರ್ಮವೇ ಸರಿಯಿಲ್ಲ ಅಂದ. ಎರಡರಲ್ಲಿ ಒಂದು ಹೇಳಬೇಕು ತಾನೇ? ಮೆತ್ತನೇ ಲೆದರ್ ಅಂತ ಡಬ್ಬದ ಮೇಲೆ ಎಲ್ಲಿದೆ? ಚಿತ್ರದಲ್ಲಿರುವ ಬ್ಯಾಗಿನ ಹಿಡಿ ಮೆತ್ತಗಿದೆಯಾ?

ಸರಿ, ನನ್ನದೂ ತಪ್ಪಿದೆ. ಮೆಷಿನ್ ಜೊತೆ ಬಂದ ಕಾಗದದಲ್ಲಿ 6 ಮಿ.ಮೀ. ಅಂತ ಇತ್ತು. ನನ್ನ ಮೂರು ಪದರ ಸೇರಿದರೆ 6 ಮಿ.ಮೀ. ಸಾಕು ಅಂದುಕೊಂಡೆ. ಆದರೆ ಅದು ಫೂಟ್ ಎಷ್ಟು ಎತ್ತರ ಏಳುತ್ತದೆ ಅನ್ನುವ ಅಳತೆ. ಅದರ ಕೆಳಗೆ ಎಷ್ಟು ತೂರಿಸಬಹುದು ಅಂತ ಮಾತ್ರ. ಎಷ್ಟು ದಪ್ಪ ಹೊಲಿಯಬಹುದು ಅಂತ ಅಲ್ಲ. ನಾನು ಸರಿಯಾಗಿ ಓದಬೇಕಿತ್ತು.

ಇಲ್ಲ, ನನ್ನ ತಪ್ಪಲ್ಲ. ಎಷ್ಟು ದಪ್ಪ ಹೊಲಿಯುತ್ತದೆ ಅನ್ನುವ ಅಳತೆ ಆ ಕಾಗದದಲ್ಲಿ ಎಲ್ಲೂ ಇಲ್ಲ. ಹೊಸಬರು ಯಾವುದನ್ನು ನೋಡಬೇಕು? ಇರುವ ಒಂದೇ ಮಿ.ಮೀ. ಅದು. ಅದನ್ನೇ ನೋಡಿದೆ. ಇನ್ನೊಂದು ಕಡೆ ನಿಮಿಷಕ್ಕೆ ಸಾವಿರಕ್ಕೂ ಜಾಸ್ತಿ ಹೊಲಿಗೆ ಅಂತ ದೊಡ್ಡದಾಗಿ ಹಾಕಿದ್ದಾರೆ. ವೇಗ ಯಾರು ಕೇಳಿದರು? ಚರ್ಮಕ್ಕೆ ಬೇಕಿರುವುದು ನಿಧಾನ, ಬಲ, ಎರಡೂ ಒಟ್ಟಿಗೆ. ಈ ಮೆಷಿನ್ ನಿಧಾನಕ್ಕೆ ಓಡಿಸಿದರೆ ಗುಂಯ್ ಅಂತ ಅಲ್ಲೇ ನಿಲ್ಲುತ್ತದೆ. ಜೋರಾಗಿ ಒತ್ತಿದರೆ ಒಮ್ಮೆಗೇ ಹಾರಿ, ಗೆರೆ ಬಿಟ್ಟು ಎಲ್ಲೋ ಹೋಗುತ್ತದೆ. ಕೊನೆಗೆ ಪೆಡಲ್ ಬಿಟ್ಟು ಕೈಯಲ್ಲಿ ಚಕ್ರ ತಿರುಗಿಸಿ ಹೊಲಿದೆ. ಒಂದೊಂದು ಹೊಲಿಗೆಗೂ ಒಂದೊಂದು ಸುತ್ತು. ಅದಕ್ಕಿಂತ ದಬ್ಬಳವೇ ಬೇಗ.

ನಾನು ಹೊಲಿಯುತ್ತಿದ್ದ ಮೂರನೇ ಬ್ಯಾಗು ಹಾಳಾಗಿದ್ದು ಹೀಗೇ. ಮುಂಭಾಗದಲ್ಲಿ 19 ತೂತು. ಎಣಿಸಿದ್ದೇನೆ. ಬಟ್ಟೆಯಾಗಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಚರ್ಮದಲ್ಲಿ ಒಮ್ಮೆ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ಕೆಳಗಡೆ, ಬಟ್ಟೆಯನ್ನು ಮುಂದೆ ಎಳೆಯುವ ಮೆಷಿನ್ ಹಲ್ಲಿನ ಗುರುತು ಬೇರೆ, ಸಾಲಾಗಿ. ಅದನ್ನು ಯಾರಿಗೆ ಕೊಡಲಿ?

ನೂಲಿನ ಕಥೆ ಇನ್ನೊಂದು. ನಾನು ಬ್ಯಾಗಿಗೆ ಬಳಸಬೇಕೆಂದಿದ್ದು ಟೆಕ್ಸ್ 135. ಅಂದರೆ 1,000 ಮೀಟರ್ ನೂಲು 135 ಗ್ರಾಂ ತೂಗುತ್ತದೆ. ಅದಕ್ಕೆ 22 ನಂಬರ್ ಸೂಜಿಯಾದರೂ ಬೇಕು, 1.4 ಮಿ.ಮೀ. ದಪ್ಪದ್ದು. ಈ ಮೆಷಿನ್‌ಗೆ ಹಾಕಬಹುದಾದ ದೊಡ್ಡ ಸೂಜಿ 18 ನಂಬರ್, 1.1 ಮಿ.ಮೀ. ಅದರ ಕಣ್ಣಿನಲ್ಲಿ ಆ ನೂಲು ಸಲೀಸಾಗಿ ಜಾರುವುದಿಲ್ಲ. ತೆಳು ನೂಲಿಗೆ ಇಳಿದೆ. ಆದರೂ ಸೂಜಿ ದಪ್ಪ ಚರ್ಮದಲ್ಲಿ ಬಾಗುತ್ತದೆ. ಬಾಗಿದ ಸೂಜಿ ಕೆಳಗೆ ಹುಕ್‌ಗೆ ತಾಗುತ್ತದೆ. ಟಕ್. ಮುರಿದ ತುದಿ ಒಂದು ಸಲ ಕೆನ್ನೆಗೆ ಹಾರಿತು. ಸ್ವಲ್ಪ ಮೇಲೆ ಬಂದಿದ್ದರೆ ಕಣ್ಣು. ಇದನ್ನು ಹೇಳಿದ್ದಕ್ಕೆ ಅಂಗಡಿಯಲ್ಲಿ ಒಬ್ಬ ನಕ್ಕ. ಅವನ ವಿಷಯ ಬಿಡಿ.

ಅಲ್ಲಿ ಒಬ್ಬರು ವಯಸ್ಸಾದವರಿದ್ದರು. ಬಾಬಿನ್ ತಗೊಳ್ಳಲು ಬಂದವರು. ನನ್ನ ತುಂಡನ್ನು ಕೈಗೆ ತಗೊಂಡು, ಅಂಚು ನೋಡಿ, "ಅಂಚು ಚೆನ್ನಾಗಿ ಉಜ್ಜಿದ್ದೀಯಮ್ಮ. ಇದಕ್ಕೆ ಸೂಜಿಯೂ ಜೊತೆಗೆ ನಡೆಯೋ ಮೆಷಿನ್ ಬೇಕು. ಇದಲ್ಲ" ಅಂದರು. ಅಷ್ಟೇ ಹೇಳಿ ಹೋದರು. ಅಂಗಡಿಯಲ್ಲಿ ನನ್ನ ಕೆಲಸ ನೋಡಿದ್ದು ಅವರೊಬ್ಬರೇ. ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಅವರ ಮಾತು ಕೇಳಿ ಕಣ್ಣು ತುಂಬಿತು. ಹಾಗೇ ಹೊರಗೆ ಬಂದುಬಿಟ್ಟೆ.

ಅವರು ಹೇಳಿದ್ದೇ ಸರಿ. ಮನೆಯ ಸಾಮಾನ್ಯ ಮೆಷಿನ್‌ಗಳಲ್ಲಿ ಬಟ್ಟೆಯನ್ನು ಎಳೆಯುವುದು ಕೆಳಗಿನ ಹಲ್ಲು ಮಾತ್ರ. ಮೇಲಿನ ಫೂಟ್ ಸುಮ್ನೆ ಒತ್ತಿ ಕೂತಿರುತ್ತದೆ. ಚರ್ಮದ ಮೇಲೆ ಅದು ಅಂಟಿಕೊಳ್ಳುತ್ತದೆ. ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಚರ್ಮದ ಕೆಲಸಕ್ಕೆ ಮಾಡಿದ ವಾಕಿಂಗ್ ಫೂಟ್ ಮೆಷಿನ್‌ಗಳಲ್ಲಿ ಸೂಜಿ, ಒಳಗಿನ ಫೂಟ್, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಜೂಕಿ ಕಂಪನಿಯ ಡಿಎನ್‌ಯು-1541 ಅಂಥದ್ದು. ಒಂದು ಹೊಲಿಗೆ 9 ಮಿ.ಮೀ. ಉದ್ದದವರೆಗೆ ಹಾಕಬಹುದು. ಮೊಣಕಾಲಿನಿಂದ ಒತ್ತಿದರೆ ಫೂಟ್ 16 ಮಿ.ಮೀ. ಏಳುತ್ತದೆ. ಇವನ್ನು ವೇಗ ಬೇಕಾದ ಹಾಗೆ ಇಳಿಸಬಹುದಾದ ಸರ್ವೋ ಮೋಟರ್‌ಗೆ ಜೋಡಿಸಿ, ನಡುವೆ ಒಂದಕ್ಕೆ ಮೂರರ ಪುಲ್ಲಿ ಹಾಕಿದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿದು, ಸೂಜಿಯ ಬಲ ಹೆಚ್ಚುಕಡಿಮೆ ಮೂರು ಪಟ್ಟು ಆಗುತ್ತದೆ. ಒಂದೊಂದು ಹೊಲಿಗೆಯನ್ನೂ ನೋಡಿ ನೋಡಿ ಹಾಕಬಹುದು. ಇದನ್ನೆಲ್ಲ ಮೆಷಿನ್ ತಗೊಂಡ ಮೇಲೆ ಕಲಿತೆ. ಮಾರುವವನಿಗೆ ಇದು ಮೊದಲೇ ಗೊತ್ತಿರಲಿಲ್ಲವಾ? "ಚರ್ಮ, ದಪ್ಪ ಚರ್ಮ" ಅಂತ ನಾನು ಅವತ್ತೇ ಎರಡು ಸಲ ಹೇಳಿದ್ದೆ. "ಆರಾಮಾಗಿ ಹೊಲಿಯುತ್ತೆ" ಅಂದಿದ್ದು ಅವನೇ.

ಇವತ್ತು ಬಾಗಿಲವರೆಗೂ ಬಂದು ಇನ್ನೊಂದು ಮಾತು ಹೇಳಿದ. "ಬೇಕಿದ್ರೆ ಎಕ್ಸ್‌ಚೇಂಜ್ ಮಾಡ್ಕೊಳ್ಳಿ, ಇಂಡಸ್ಟ್ರಿಯಲ್ ಕೊಡ್ತೀನಿ" ಅಂತ. ತೋರಿಸಿದ್ದು ಏನು ಗೊತ್ತಾ? ಗಾರ್ಮೆಂಟ್ಸ್‌ನಲ್ಲಿ ಶರ್ಟ್ ಹೊಲಿಯುವ ಮೆಷಿನ್. ನಿಮಿಷಕ್ಕೆ 5,000 ಹೊಲಿಗೆ. ಅದರಲ್ಲೂ ಎಳೆಯುವುದು ಕೆಳಗಿನ ಹಲ್ಲು ಮಾತ್ರ! ಇಂಡಸ್ಟ್ರಿಯಲ್ ಅಂದ ತಕ್ಷಣ ಚರ್ಮ ಹೊಲಿಯುತ್ತದಾ? ಶರ್ಟ್ ಕೂಡ ಇಂಡಸ್ಟ್ರಿಯೇ ತಾನೇ? ಒಂದು ಸಲ ಹೆವಿ ಡ್ಯೂಟಿ ಅಂತ ನಂಬಿಸಿದ. ಈಗ ಇನ್ನೊಂದು ಪದ ತಂದಿದ್ದಾನೆ.

ಯಾರಾದರೂ ನನಗೆ ಒಂದು ಉತ್ತರ ಕೊಡಿ. ಮೆಷಿನ್ ಮಾಡುವವರು ಕೊಡಿ, ಮಾರುವವರು ಕೊಡಿ, ರಿಪೇರಿ ಮಾಡುವವರು ಕೊಡಿ. ಹೆವಿ ಡ್ಯೂಟಿ ಅನ್ನುವ ಮಾತಿಗೆ ಅಳತೆ ಏನು? ಎಷ್ಟು ಮಿ.ಮೀ. ಚರ್ಮ, ಎಷ್ಟು ದಪ್ಪದ ನೂಲು, ಎಷ್ಟು ನಂಬರ್ ಸೂಜಿ? ಈ ಮೂರು ಅಂಕಿ ಡಬ್ಬದ ಮೇಲೆ ಹಾಕಲು ಏನು ಕಷ್ಟ? ಚಿತ್ರ ಹಾಕಲು ಜಾಗ ಇದೆ, ಇದಕ್ಕೆ ಜಾಗ ಇಲ್ಲವಾ?

ಹೋಗಲಿ, ಇನ್ನು ಆ ಕಡೆ ತಲೆ ಹಾಕುವುದಿಲ್ಲ. ಜಗಳ ಆಡುವ ಶಕ್ತಿ ನನಗಿಲ್ಲ. ಈ ಮೆಷಿನ್‌ನಲ್ಲಿ ಬ್ಯಾಗಿನ ಒಳಗಿನ ಬಟ್ಟೆ ಹೊಲಿಯುತ್ತೇನೆ. ಜಿಪ್ ಹಾಕುತ್ತೇನೆ. ಅದಕ್ಕೆ ಇದು ಚೆನ್ನಾಗೇ ಇದೆ, ಇಲ್ಲ ಅನ್ನುವುದಿಲ್ಲ. ನಾಲ್ಕನೇ ಬ್ಯಾಗು ಭಾನುವಾರಕ್ಕೆ ಕೊಡಬೇಕು. ಹಿಡಿಗೆ ತೂತು ಹೊಡೆದಾಗಿದೆ. ಈಗ ಕೂತು ಕೈಯಲ್ಲೇ ಹೊಲಿಯಬೇಕು.

ಇಷ್ಟು ಬರೆದು ಅರ್ಧ ಗಂಟೆ ಹೊಲಿದೆ. ಎದ್ದು ಬಂದೆ. ಆಗುತ್ತಿಲ್ಲ. ಆ "ಎರಡು, ನಾಲ್ಕು, ಎಂಟು" ಕಿವಿಯಲ್ಲೇ ಇದೆ.

ನಾಳೆ ಹೋಗುತ್ತೇನೆ. ಮೆಷಿನ್ ಜೊತೆಗೆ ಡಬ್ಬವನ್ನೂ ತಗೊಂಡು ಹೋಗುತ್ತೇನೆ. ಚಿತ್ರ ಇರುವ ಕಡೆ ಎಲ್ಲರಿಗೂ ಕಾಣುವ ಹಾಗೆ ಕೌಂಟರ್ ಮೇಲೆ ಇಡುತ್ತೇನೆ. ನನ್ನ ಮೂರು ಪದರದ ತುಂಡು ಪಕ್ಕದಲ್ಲಿ ಇಡುತ್ತೇನೆ. ಡ್ರಾಯರ್‌ಗೆ ಕೈ ಹಾಕಿದರೆ ಬೇಡ ಅನ್ನುತ್ತೇನೆ. ಹೊಲಿಯಿರಿ, ಹತ್ತೇ ಹತ್ತು ಹೊಲಿಗೆ, ನಾನು ಇಲ್ಲೇ ನಿಂತು ಎಣಿಸುತ್ತೇನೆ ಅನ್ನುತ್ತೇನೆ. ಮತ್ತೆ ಬಾಯಿ ಕಟ್ಟಿಹೋದರೆ ಅಂತ ಇದನ್ನು ಒಂದು ಚೀಟಿಯಲ್ಲೂ ಬರೆದಿಟ್ಟುಕೊಂಡಿದ್ದೇನೆ.