ಹಪ್ಪಳ ಹಿಡಿದಂತೆ ಹಿಡಿಯಿರಿ

ನನ್ನ ಎಡತೊಡೆಯ ಮೇಲೆ ಈಗ ಒಂದು ದುಂಡನೆಯ ಗುರುತಿದೆ. ಒಳಗೆ ಸಣ್ಣ ಸಣ್ಣ ಚುಕ್ಕೆಗಳು. ಹೆಂಡತಿ ನೋಡಿ, "ಇದೇನು, ಖಾರಸೇವೆ ಒರಳಿನ ಬಿಲ್ಲೆಯ ಮೇಲೆ ಕುಳಿತಿದ್ದಿರಾ?" ಎಂದು ಕೇಳಿದಳು. ಅದು ಪಿಕಲ್‌ಬಾಲ್ ಚೆಂಡು ಬಡಿದ ಗುರುತು; ತೂತಿನ ಪ್ಲಾಸ್ಟಿಕ್ ಚೆಂಡನ್ನು ಬ್ಯಾಟಿನಿಂದ ನೆಟ್ಟಿನಾಚೆಗೆ ಹೊಡೆಯುವ ಆಟ. ಬಯಲಿನಲ್ಲಿ ಆಡುವ ಚೆಂಡಿಗೆ ಸಾಮಾನ್ಯವಾಗಿ 40 ತೂತುಗಳಿರುತ್ತವೆ. ನನ್ನ ತೊಡೆಯ ಮೇಲೆ ಒಂಬತ್ತನ್ನು ಎಣಿಸಿದೆ. ಉಳಿದವನ್ನು ಮೂರನೇ ಮಹಡಿಯ ಹುಡುಗ ಮುಂದಿನ ಭಾನುವಾರಕ್ಕೆ ಬಾಕಿ ಇಟ್ಟುಕೊಂಡಿದ್ದಾನೆ.

ನಾವು ಅವನಿಗೆ ಭೀಮಸೇನ ಎಂದು ಹೆಸರಿಟ್ಟಿದ್ದೇವೆ. ಬಾಯಿ ತುಂಬ ಅಂಕಲ್ ಎನ್ನುವ, ಲಿಫ್ಟಿನಲ್ಲಿ ತರಕಾರಿ ಚೀಲ ಹಿಡಿದುಕೊಳ್ಳುವ ಸಜ್ಜನ. ಅಂಕಣಕ್ಕಿಳಿದರೆ ಮಾತ್ರ ಕೈಯಲ್ಲಿರುವುದು ಗದೆ. ಚೆಂಡು ಎಲ್ಲಿಗೇ ಬರಲಿ, ಹೇಗೇ ಬರಲಿ, ಅವನಿಗೆ ತಿಳಿದ ಉತ್ತರ ಒಂದೇ: ಬಡಿ. ಇಂಥವರಿಗೆ ಈ ಆಟದಲ್ಲಿ 'ಬ್ಯಾಂಗರ್' ಎನ್ನುತ್ತಾರಂತೆ. ನನ್ನ ತೊಡೆಗೆ ಕೇಳಿದರೆ ಇನ್ನೂ ಒಳ್ಳೆಯ ಹೆಸರುಗಳನ್ನು ಸೂಚಿಸೀತು.

ಈ ಆಟ ಹುಟ್ಟಿದ್ದೇ ಪರದಾಟದಲ್ಲಿ. 1965ರಲ್ಲಿ ಅಮೆರಿಕದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಎಂಬ ಗೆಳೆಯರು, ಬೇಸರವೆಂದು ಗೋಳು ಹೊಯ್ದುಕೊಳ್ಳುತ್ತಿದ್ದ ಮನೆಮಂದಿಗೆ ಏನಾದರೂ ಆಡಿಸಬೇಕೆಂದು ಹೊರಟರು. ಹಿತ್ತಲಲ್ಲಿ ಬ್ಯಾಡ್ಮಿಂಟನ್ ಅಂಕಣವಿತ್ತು, ಆಡಲು ಬೇಕಾದ ಸಾಮಾನಿರಲಿಲ್ಲ. ಸಿಕ್ಕಿದ ಪಿಂಗ್‌ಪಾಂಗ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಎತ್ತಿಕೊಂಡರು, ನೆಟ್ಟನ್ನು ಕೆಳಗಿಳಿಸಿದರು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲೂ ನಡೆದದ್ದು ಹೆಚ್ಚುಕಡಿಮೆ ಅದೇ. ಗಾಳಿಗೆ ಶಟಲ್ ಹಾರಿ ಹೋಗಿ ಬಾಲ್ಕನಿಯಲ್ಲಿ ಒಣಹಾಕಿದ ಸೀರೆಗಳ ನಡುವೆ ಸೇರಿಕೊಳ್ಳುತ್ತಿತ್ತು. ಎರಡೂ ಆಟಕ್ಕೆ ಅಳತೆ ಒಂದೇ, 44 ಅಡಿ ಉದ್ದ, 20 ಅಡಿ ಅಗಲ. ಸಂಘದವರು ಒಂದು ಡಬ್ಬಿ ಹಳದಿ ಬಣ್ಣದಲ್ಲಿ ಕೆಲಸ ಮುಗಿಸಿದರು.

ಬಣ್ಣ ಬಳಿದದ್ದು ಮುಖ್ಯವಾಗಿ 'ಕಿಚನ್' ಗೆರೆಗೆ. ನೆಟ್ಟಿನಿಂದ ಏಳು ಅಡಿಯವರೆಗಿನ ಜಾಗ ಅದು. ಅದರೊಳಗೆ ನಿಂತು, ನೆಲಕ್ಕೆ ಬೀಳದ ಚೆಂಡನ್ನು ಹೊಡೆಯುವಂತಿಲ್ಲ. ಹೊಡೆದ ಭರಕ್ಕೆ ಮುಗ್ಗರಿಸಿ ಒಳಗೆ ಕಾಲಿಟ್ಟರೂ ತಪ್ಪು. ಮೈಮೇಲಿದ್ದ ಟೊಪ್ಪಿ ಜಾರಿ ಒಳಗೆ ಬಿದ್ದರೂ ತಪ್ಪು. ಎಲ್ಲರೂ ಈ ನಿಯಮ ಗೊಂದಲ ಎನ್ನುತ್ತಿದ್ದಾಗ ನನಗೆ ಮಾತ್ರ ತಟ್ಟನೆ ಅರ್ಥವಾಯಿತು. ನಮ್ಮ ಅಜ್ಜಿಯ ಅಡುಗೆಮನೆಯೂ ಹೀಗೆಯೇ ಇತ್ತು. ಹೊಸ್ತಿಲಾಚೆ ನಿಂತು ಎಷ್ಟು ಬೇಕಾದರೂ ಮಾತಾಡಬಹುದು. ಮೈಲಿಗೆಯ ಪಂಚೆಯ ತುದಿ ಒಳಗೆ ಸೋಕಿತೋ, ಮಾಡಿಟ್ಟ ಹುಳಿ ಸಮೇತ ಎಲ್ಲವೂ ಮತ್ತೆ ಮೊದಲಿನಿಂದ.

ಭೀಮಸೇನನ ಎದುರು ನನ್ನ ಮೊದಲ ತಂತ್ರ ಅವನಿಗಿಂತ ಜೋರಾಗಿ ಹೊಡೆಯುವುದಾಗಿತ್ತು. ಅದು ಎರಡು ನಿಮಿಷ ನಡೆಯಿತು. ಮೂರನೆಯ ಹೊಡೆತಕ್ಕೆ ಚೆಂಡು ಕಾಂಪೌಂಡ್ ದಾಟಿ ಆಚೆಯ ಇಸ್ತ್ರಿ ಗಾಡಿಯ ಮೇಲೆ ಇಳಿಯಿತು, ಅದೂ ಕೆಂಡ ತುಂಬಿದ ಪೆಟ್ಟಿಗೆಗೆ ಒರಗಿಕೊಂಡು. ಸ್ವಲ್ಪ ಹೊತ್ತಿನ ಮೇಲೆ ಇಸ್ತ್ರಿಯವನು ಅದನ್ನು ಇಕ್ಕಳದಲ್ಲಿ ಹಿಡಿದು ತಂದ. ಒಳ್ಳೆಯ ಸೆಟ್ ದೋಸೆಯಾಗಿತ್ತು, ತೂತುಗಳ ಸಮೇತ. "ಇದು ನಿಮ್ಮದೇ ಇರಬೇಕು ಸರ್" ಎಂದ. ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ.

ಆಗ ನನ್ನ ಜೊತೆಗಾರರಾದ ಮೇಷ್ಟ್ರು ಪಾಠ ಶುರುಮಾಡಿದರು. ನಿವೃತ್ತರಾಗಿ ಹತ್ತು ವರ್ಷವಾಗಿದೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಡುತ್ತಾರೆ, ಓಡುವುದೇ ಇಲ್ಲ. "ನೋಡಿ ರಾಯರೇ, ಅವನು ಬಲವಾಗಿ ಹೊಡೆದದ್ದು ನಿಮ್ಮ ಎದೆಗಿಂತ ಮೇಲೆ ಬಂದರೆ ಬಹುಪಾಲು ಹೊರಗೇ ಹೋಗುತ್ತದೆ. ಅವನ ತಪ್ಪನ್ನು ನೀವೇಕೆ ಬ್ಯಾಟು ಒಡ್ಡಿ ತಿದ್ದುತ್ತೀರಿ?"

ಮಾತು ಸರಿಯಾಗಿತ್ತು. ನೆಟ್ಟು ಮಧ್ಯದಲ್ಲಿ 34 ಇಂಚು, ಅದರಾಚೆಗೆ ಕೊನೆಯ ಗೆರೆಯವರೆಗೆ ಇರುವುದು 22 ಅಡಿ. ಅಷ್ಟು ವೇಗದಲ್ಲಿ ಅಷ್ಟು ಎತ್ತರಕ್ಕೆ ಏರಿದ ಚೆಂಡಿಗೆ ಅಷ್ಟರೊಳಗೆ ಇಳಿಯಲು ಪುರುಸೊತ್ತಿರುವುದಿಲ್ಲ. ಆದರೆ ಎದೆಯತ್ತ ಚೆಂಡು ನುಗ್ಗಿ ಬರುವಾಗ ಸುಮ್ಮನಿರುವುದು ಋಷಿಗಳಿಗೆ ಸಾಧ್ಯ. ಹಾಗಾಗಿ ಮೇಷ್ಟ್ರು ಕೂಗಬೇಕು, ನಾನು ಕೇಳಬೇಕು ಎಂದಾಯಿತು. ಅವರು "ಬಿಡಿ" ಎಂದು ಕೂಗಿದರು. ನನಗೆ "ಹಿಡಿ" ಎಂದು ಕೇಳಿಸಿತು. ಹಿಡಿದೆ, ಬಲಗೈ ಹೆಬ್ಬೆರಳಿನಲ್ಲಿ. ಮುಂದಿನ ಸಲ ಅವರು "ಹಿಡಿ" ಎಂದರು, ನಾನು ಬಾಗಿ ದಾರಿ ಬಿಟ್ಟೆ, ಚೆಂಡು ಗೆರೆಯೊಳಗೆ ಬಿದ್ದು ನಗುತ್ತಾ ಹೋಯಿತು.

ಕನ್ನಡದಲ್ಲಿ ಇಷ್ಟೊಂದು ಪದಗಳಿರುವಾಗ ಬೇರೆ ಒಂದನ್ನು ಹುಡುಕಲು ಕಷ್ಟವೇ? ಮೇಷ್ಟ್ರೇ ಹುಡುಕಿದರು. ಹೊರಗೆ ಹೋಗುವ ಚೆಂಡಿಗೆ "ಗೋವಿಂದ!" ಇದು ಚೆನ್ನಾಗಿ ಕೆಲಸ ಮಾಡಿತು, ಒಂದು ತೊಡಕನ್ನು ಬಿಟ್ಟರೆ. ಬೆಂಚಿನ ಮೇಲೆ ಹೂ ಕಟ್ಟುತ್ತಾ ಕೂರುವ ಎರಡನೇ ಮಹಡಿಯ ಅಜ್ಜಿ, ಮೇಷ್ಟ್ರು ಕೂಗಿದಾಗಲೆಲ್ಲ ಕೈ ಮುಗಿದು "ಗೋವಿಂದಾ ಗೋವಿಂದ" ಎಂದು ದನಿಗೂಡಿಸತೊಡಗಿದರು.

ಎದೆಗಿಂತ ಕೆಳಗೆ ಬರುವ ಚೆಂಡಿಗೆ ಗೋವಿಂದನೂ ಇಲ್ಲ. ಅದಕ್ಕೆ ಕೈ ಸಡಿಲ ಬಿಡಬೇಕು. ನಾನು ಬ್ಯಾಟನ್ನು ನೂಕುನುಗ್ಗಲಿನ ಬಸ್ಸಿನಲ್ಲಿ ಕಂಬಿ ಹಿಡಿದಂತೆ ಹಿಡಿಯುತ್ತಿದ್ದೆ. ಹಾಗೆ ಬಿಗಿಹಿಡಿದರೆ ಭೀಮನ ಬಲವೆಲ್ಲ ಪುಟಿದು ಮತ್ತೆ ಅವನಿಗೇ, ಅದೂ ಸೊಂಟದೆತ್ತರಕ್ಕೆ, ಎಲೆಗೆ ಬಡಿಸಿದಂತೆ ಹೋಗುತ್ತದೆ. "ಹಪ್ಪಳ ಹಿಡಿದಂತೆ ಹಿಡಿಯಿರಿ. ಬೀಳಬಾರದು, ಮುರಿಯಲೂ ಬಾರದು" ಎಂದರು ಮೇಷ್ಟ್ರು. ಬೀಸುವುದು ಬೇಡ, ಎದುರಿಗೆ ಒಡ್ಡಿದರೆ ಸಾಕು. ಚೆಂಡಿನ ಸೊಕ್ಕು ಸಡಿಲ ಕೈಯಲ್ಲಿ ಇಂಗಿಹೋಗಿ, ಅದು ನೆಟ್ಟು ದಾಟಿ ಅವನ ಅಡುಗೆಮನೆಯಲ್ಲಿ ಸುಸ್ತಾಗಿ ಕೂರುತ್ತದೆ. ಈಗ ಅವನು ಮುಂದೆ ಓಡಿ ಬರಬೇಕು, ಬಗ್ಗಬೇಕು, ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಗದೆಯಿಂದ ಹೂ ಎತ್ತಲಾಗುತ್ತದೆಯೇ?

ಇದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಊಟಕ್ಕೆ ಕುಳಿತಾಗಲೂ ಹಪ್ಪಳ ಹಿಡಿದು ಮಣಿಕಟ್ಟು ನೋಡಿಕೊಳ್ಳುತ್ತಿದ್ದೆ. ಹೆಂಡತಿ ಹಪ್ಪಳ ಕರಿಯುವುದನ್ನೇ ನಿಲ್ಲಿಸಿದಳು.

ಕಳೆದ ಭಾನುವಾರ ನಾವು 10, ಅವರು 9. ಹನ್ನೊಂದಕ್ಕೆ ಆಟ ಮುಗಿಯುತ್ತದೆ, ಸರ್ವ್ ನಮ್ಮದು. ಭೀಮಸೇನ ಎರಡು ಸಲ ಬಡಿದ, ಮೇಷ್ಟ್ರು ಎರಡನ್ನೂ ತಣ್ಣಗೆ ಮಾಡಿ ಕಳಿಸಿದರು. ಮೂರನೆಯದು ನನ್ನ ಹೊಟ್ಟೆಗೆ. ನಾನು ಗೆರೆಯ ಹಿಂದೆ, ಎರಡೂ ಪಾದ ಊರಿ, ಹಪ್ಪಳ ಒಡ್ಡಿದೆ. ಟಪ್ ಎಂದಿತು, ಅಷ್ಟೇ. ಚೆಂಡು ನೆಟ್ಟಿನ ಮೇಲಿಂದ ಇಣುಕಿ ನೋಡಿ ಆಚೆ ಬಿತ್ತು. ಭೀಮಸೇನ ಕದಲಲೂ ಇಲ್ಲ. ನಾನು ಗೆಲುವಿನ ಉಸಿರು ಬಿಡಬೇಕು, ಅಷ್ಟರಲ್ಲಿ ಬೆವರಿಗೆ ಆಗಲೇ ಮೂಗಿನ ತುದಿಗೆ ಬಂದಿದ್ದ ನನ್ನ ಕನ್ನಡಕ, ಬಾಗಿದ ಭರಕ್ಕೆ ಜಾರಿ, ಹಳದಿ ಗೆರೆ ದಾಟಿ, ಒಳಗೆ ಬಿತ್ತು.

"ಅಂಕಲ್," ಎಂದ ಭೀಮಸೇನ, ತುಂಬ ಸಂಕೋಚದಿಂದ, "ಕಿಚನ್..."

ನಾನು ಮೇಷ್ಟ್ರ ಕಡೆ ನೋಡಿದೆ. ಕನ್ನಡಕವಿಲ್ಲದೆ ಅವರ ಮುಖ ಸರಿಯಾಗಿ ಕಾಣಿಸಲಿಲ್ಲ. ದನಿ ಮಾತ್ರ ಕೇಳಿಸಿತು, ಮೆಲ್ಲಗೆ: "ಗೋವಿಂದ."

ಬೆಂಚಿನಿಂದ ಅಜ್ಜಿ ಎಂದಿನಂತೆ ಕೈ ಮುಗಿದರು.