ಮಕ್ಕಳನ್ನು ಬಿ.ಕಾಂಗೆ ಸೇರಿಸುವ ಮುಂಚೆ

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಖಾಸಗಿ ಕಾಲೇಜುಗಳ ಬಣ್ಣದ ಬ್ರೋಷರ್‌ಗಳು ಹಳ್ಳಿ ಮನೆಗಳಿಗೂ ತಲುಪುತ್ತವೆ. 'ಎಸಿಸಿಎ ಸಹಿತ ಬಿ.ಕಾಂ', 'ಕಾರ್ಪೊರೇಟ್ ಬಿಬಿಎ' ಎಂದು ದಪ್ಪಕ್ಷರ. ಎಸಿಸಿಎ ಎಂದರೆ ಬ್ರಿಟನ್‌ನ ಸಂಸ್ಥೆಯೊಂದು ನಡೆಸುವ ಲೆಕ್ಕಪತ್ರದ ಕೋರ್ಸು. ಮಳೆ ನಂಬಿದ ಎರಡೆಕರೆ ಜಮೀನಿನವರು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಓಲೆ-ಸರ ಅಡವಿಟ್ಟು ಫೀಸು ಕಟ್ಟಲು ಹೊರಡುತ್ತಾರೆ. ದಯವಿಟ್ಟು ಒಂದು ವಾರ ತಡೆಯಿರಿ. ವರ್ಷಕ್ಕೆ ಎರಡು ಲಕ್ಷವೂ ದುಡಿಯದ ಮನೆಯ ಮಗುವಿಗೆ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಕಾಂ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಸಂಬಳ ಏರುವುದು ಕೈಗೆ ಲೆಕ್ಕದ ಕೆಲಸ ಎಷ್ಟು ಬಂದಿದೆ ಎಂಬುದರ ಮೇಲೆ, ಕಾಲೇಜಿನ ಕಟ್ಟಡದ ಮೇಲಲ್ಲ.

ಎಸಿಸಿಎ ಕೆಟ್ಟ ಕೋರ್ಸಲ್ಲ. ಆದರೆ ಅದರಲ್ಲಿ 13 ಪೇಪರ್. ನೋಂದಣಿ, ವಾರ್ಷಿಕ ಚಂದಾ, ಪರೀಕ್ಷಾ ಶುಲ್ಕ ಎಲ್ಲವೂ ಪೌಂಡ್ ಲೆಕ್ಕದಲ್ಲಿ. ಒಂದು ಪೇಪರ್ ಹೋದರೆ ಆ ಶುಲ್ಕ ಮತ್ತೆ ಕಟ್ಟಬೇಕು. ಕಾಲೇಜು ಕೇಳುವ ಲಕ್ಷಗಳಲ್ಲಿ ಈ ಹಣ ಸೇರಿದೆಯೋ ಇಲ್ಲವೋ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಬರೀ ಬಾಯಿಮಾತಿನಲ್ಲಿ 'ಎಲ್ಲಾ ಸೇರಿದೆ ಸಾರ್' ಎಂದರೆ ಅಲ್ಲಿಂದ ಎದ್ದು ಬನ್ನಿ.

ಕೈಗೆ ಬರಬೇಕಾದ ವಿದ್ಯಾರ್ಥಿವೇತನ ತಪ್ಪಿಹೋಗುವುದು ಬಹುಪಾಲು ಸಣ್ಣ ಕಾರಣಕ್ಕೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮುಂಚೆ ಆಧಾರ್‌ನಲ್ಲೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿ, ಇನಿಷಿಯಲ್ ಸಮೇತ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇನ್ನೂ ಚಾಲ್ತಿಯಲ್ಲಿರಬೇಕು. ಇನ್ನೊಂದು ಬಹಳ ಜನರಿಗೆ ಗೊತ್ತಿಲ್ಲ: ಹಣ ಬೀಳುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಸಿಮ್ ಕೊಳ್ಳುವಾಗ ಅಂಗಡಿಯವರು ಬೆರಳಚ್ಚು ಒತ್ತಿಸಿಕೊಂಡು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿದ್ದರೆ ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತದೆ, ಮಗು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆಯುತ್ತಿರುತ್ತದೆ. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಈ ಆಧಾರ್ ಜೋಡಣೆ, ಯಾವ ಬ್ಯಾಂಕಿಗೆ ಆಗಿದೆ ಎಂದು ಮೊದಲೇ ನೋಡಿಕೊಳ್ಳಿ. ಸರ್ಕಾರಿ ಹಾಸ್ಟೆಲ್ ಸಿಕ್ಕಿದ್ದರೆ ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ನೆರವು ಸಿಗದು, ಎರಡರಲ್ಲಿ ಒಂದೇ. ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಅರ್ಜಿ ಹಾಕುವುದು ಪದವಿಯ ಮೊದಲ ವರ್ಷದಲ್ಲಿ, ಆ ಅವಧಿ ಕಳೆದುಕೊಳ್ಳಬೇಡಿ.

ಇನ್ನು ಕೆಲಸದ ಮಾತು. ಬಿ.ಕಾಂ ಮುಗಿಸಿದ ಎಷ್ಟೋ ಮಕ್ಕಳಿಗೆ ಜಿಎಸ್‌ಟಿಯ ಸೆಕ್ಷನ್‌ಗಳು ಬಾಯಿಪಾಠ, ಆದರೆ ಒಂದು ಪರ್ಚೇಸ್ ಬಿಲ್ಲು ಕೈಗಿಟ್ಟರೆ ತಬ್ಬಿಬ್ಬು. ಇದು ಮಕ್ಕಳ ತಪ್ಪಲ್ಲ, ಯಾರೂ ಬಿಲ್ಲು ತೋರಿಸಿರುವುದಿಲ್ಲ. ಆಡಿಟರ್ ಆಫೀಸಿನ ತಿಂಗಳು ತಾರೀಖುಗಳ ಮೇಲೆ ನಡೆಯುತ್ತದೆ: 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, ತಿಂಗಳಿಗೊಮ್ಮೆ ರಿಟರ್ನ್ ಹಾಕುವವರದಾದರೆ 11ಕ್ಕೆ ಮಾರಾಟದ ವಿವರವಾದ ಜಿಎಸ್‌ಟಿಆರ್-1, 14ಕ್ಕೆ 2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಬರುತ್ತದೆ, 20ಕ್ಕೆ ತೆರಿಗೆ ಕಟ್ಟಿ ಹಾಕುವ ರಿಟರ್ನ್ 3ಬಿ. ಅಂಗಡಿಯವನ ಖರೀದಿ ಪುಸ್ತಕವನ್ನು 2ಬಿ ಜೊತೆ ತಾಳೆ ನೋಡುವ ಕೆಲಸ ಬಂದವರನ್ನು ಯಾವ ಆಫೀಸೂ ಬಿಡುವುದಿಲ್ಲ. ಎಕ್ಸೆಲ್‌ನಲ್ಲಿ ವಿಲುಕಪ್ (ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ) ಹಾಕಿದಾಗ ಬಿಲ್ಲು ಸಿಗುತ್ತಿಲ್ಲ ಎಂದರೆ ಮೊದಲು ಬಿಲ್ ನಂಬರ್ ನೋಡಿ. 045 ಎಂದು ಹೊಡೆದದ್ದನ್ನು ಎಕ್ಸೆಲ್ 45 ಮಾಡಿರುತ್ತದೆ. ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಂಡೇ ಎಂಟ್ರಿ ಶುರು ಮಾಡಬೇಕು. ಆಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್: ಓ ಅಕ್ಷರದ ಜಾಗದಲ್ಲಿ ಸೊನ್ನೆ, ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್. ಅದೂ ಸರಿ ಇದ್ದರೆ ಮಾರಿದವನು 11 ದಾಟಿದ ಮೇಲೆ ಫೈಲ್ ಮಾಡಿರುತ್ತಾನೆ, ಬಿಲ್ಲು ಮುಂದಿನ ತಿಂಗಳ 2ಬಿಯಲ್ಲಿ ಬರುತ್ತದೆ. ಈ ಮೂರು ಕಾರಣಗಳನ್ನು ಬೇರೆಬೇರೆಯಾಗಿ ಪಟ್ಟಿ ಮಾಡಿ ಕೊಡುವ ಹುಡುಗಿಗೂ 'ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರುತ್ತೆ' ಎಂದಷ್ಟೇ ಹೇಳುವವರಿಗೂ ಅಜಗಜಾಂತರ. ಬೆಂಗಳೂರಿನ ದೊಡ್ಡ ಕಂಪನಿಗಳ ಲೆಕ್ಕಪತ್ರ ಕೇಂದ್ರಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ತಾಳೆ ನೋಡುವ ಕೆಲಸ, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಮಾಡುವ ಆಸೆಯಿದ್ದವರು ಪದವಿಯ ಅಂಕಗಳನ್ನು ಕಡೆಗಣಿಸಬಾರದು. ಕಾಮರ್ಸ್ ಪದವಿಯಲ್ಲಿ 55% ಇದ್ದರೆ ಮೊದಲ ಹಂತದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. 54 ಬಂದರೆ ಆ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ನಾಲ್ಕನೇ ಸೆಮಿಸ್ಟರ್ ಮುಗಿದಾಗಲೇ ಒಟ್ಟು ಅಂಕ ಕೂಡಿ ನೋಡಿ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಆಡಿಟರ್ ಬಳಿ ಸ್ಟೈಪೆಂಡ್ ಪಡೆದು ಮಾಡುವ ತರಬೇತಿ) ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ಆದರೆ ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೇ ಅದು ಶುರು. ಅಂದರೆ ಸ್ಟೈಪೆಂಡ್ ಇಲ್ಲದ ಎಂಟು-ಹತ್ತು ತಿಂಗಳ ಓದಿಗೆ ಮನೆಯ ಖರ್ಚು ಹೇಗೆ ಎಂದು ಮೊದಲೇ ಯೋಚಿಸಬೇಕು. ಬಡವರ ಮಕ್ಕಳು ಮಧ್ಯದಲ್ಲಿ ಕೈಬಿಡುವುದು ಇಲ್ಲೇ, ಬುದ್ಧಿ ಸಾಲದೆ ಅಲ್ಲ. ಕೋಚಿಂಗ್‌ಗೆ ದುಡ್ಡಿಲ್ಲದಿದ್ದರೆ ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನ ಉಚಿತ ಲೈವ್ ತರಗತಿಗಳಿವೆ, ಪಠ್ಯವೂ ಮಾದರಿ ಪ್ರಶ್ನೆಪತ್ರಿಕೆಗಳೂ ಉಚಿತ. ಪರೀಕ್ಷೆ ಬರೆಯಲು ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳು ಲೆಕ್ಕದಲ್ಲಿ ಮುಂದಿದ್ದೂ ಕಾನೂನು ಪೇಪರ್‌ನಲ್ಲಿ ಸೋಲುತ್ತಾರೆ, ಇದು ನ್ಯಾಯವಲ್ಲ ಎಂದೇ ನನ್ನ ಅನಿಸಿಕೆ. ಸದ್ಯಕ್ಕಿರುವ ದಾರಿ ಪದವಿಯ ಮೊದಲ ವರ್ಷದಿಂದ ದಿನಕ್ಕೊಂದು ಕಾನೂನು ಉತ್ತರವನ್ನು ಇಂಗ್ಲಿಷಿನಲ್ಲಿ ಕೈಯಾರೆ ಬರೆಯುವುದು. ಓದಿದರೆ ಸಾಲದು, ಬರೆಯಲೇಬೇಕು.

ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿಗಳೂ ಈಗ ಬಂದಿವೆ. 2019ರ ನಿಯಮದಲ್ಲಿ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಕೊಡಬೇಕು ಎಂದಿತ್ತು. ಒಳ್ಳೆಯದೇ, ಆದರೆ ಕೆಲಸ ಯಾವ ಊರಲ್ಲಿ ಎಂದು ಕೇಳಿ. ಬೆಂಗಳೂರಾದರೆ ಪಿಜಿ ಬಾಡಿಗೆಗೇ ಹೆಚ್ಚುಕಮ್ಮಿ ಅಷ್ಟೂ ಹೋಗುತ್ತದೆ.

ಈಗ ಎರಡನೇ ವರ್ಷದಲ್ಲಿರುವ ಮಕ್ಕಳಿಗೆ ಒಂದು ಕೆಲಸ. ನಿಮ್ಮ ತಾಲ್ಲೂಕಿನಲ್ಲಿ ಆಡಿಟರ್ ಆಫೀಸು ಎಲ್ಲಿದೆ ಪತ್ತೆ ಮಾಡಿ, ಜೂನ್‌ನಲ್ಲೇ ಹೋಗಿ 'ಸಾರ್, ಮಧ್ಯಾಹ್ನ ಮೂರು ಗಂಟೆ ಬರ್ತೀನಿ, ಬಿಲ್ಲು ಎಂಟ್ರಿ ಹೊಡೀತೀನಿ' ಎಂದು ಕೇಳಿ. ಆಡಿಟ್ ಸೀಸನ್‌ಗೆ ಅವರಿಗೂ ಕೈಗಳು ಬೇಕು. ಸೆಪ್ಟೆಂಬರ್‌ನಲ್ಲಿ ಹೋದರೆ ಕಲಿಸಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.