ತ್ರೀ-ಪಾಯಿಂಟ್ ಗೆರೆ ಬಿಟ್ಟು ರಿಂಗ್ ಹತ್ರ ಬನ್ನಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವ ಬಡಾವಣೆಯ ಬಾಸ್ಕೆಟ್‌ಬಾಲ್ ಕೋರ್ಟಿಗೆ ಹೋದರೂ ಇದೇ ಕತೆ. ಹುಡುಗರು ಶೂ ಲೇಸ್ ಬಿಗಿದು ಸೀದಾ ತ್ರೀ-ಪಾಯಿಂಟ್ ಗೆರೆಗೇ, ಅಂದರೆ ಆಚೆಯಿಂದ ಹಾಕಿದರೆ ಮೂರು ಅಂಕ ಸಿಗೋ ಗೆರೆಗೇ, ಹೋಗಿ ನಿಲ್ತಾರೆ. ದೂರದಿಂದ ಹಾಕೋದಕ್ಕೇ ಹೆಸರಾದ ಅಮೆರಿಕದ ಆಟಗಾರ ಸ್ಟೆಫ್ ಕರ್ರಿ ವಿಡಿಯೋಗಳ ಮಹಿಮೆ. ಅಂತಾರಾಷ್ಟ್ರೀಯ ಅಳತೆಯಲ್ಲಿ ಆ ಗೆರೆ 6.75 ಮೀಟರ್ ದೂರ. ಅಲ್ಲಿಂದ ಚೆಂಡು ಮುಟ್ಟಿಸೋಕೆ ಬಲ ಸಾಲದೆ ಮೊಣಕೈ ಪಕ್ಕಕ್ಕೆ ಹೋಗುತ್ತೆ, ಮೈ ತಿರುಗುತ್ತೆ, ಎರಡೂ ಕೈಯಲ್ಲಿ ನೂಕೋದು ಶುರುವಾಗುತ್ತೆ. ಆರು ತಿಂಗಳು ಹಾಗೇ ಎಸೆದರೆ ಕೈಗೆ ಕೂರೋದು ಆ ತಪ್ಪೇ.

ಇನ್ನೊಂದು, ದೂರದಿಂದ ನೂಕಿದ ಚೆಂಡು ಚಪ್ಪಟೆಯಾಗಿ ಹೋಗುತ್ತೆ. ಲೆಕ್ಕ ನೋಡಿ: ರಿಂಗಿನ ಒಳವ್ಯಾಸ 45 ಸೆಂ.ಮೀ., ದೊಡ್ಡ ಗಂಡಸರು ಆಡೋ 7ನೇ ಸೈಜಿನ ಚೆಂಡಿನ ವ್ಯಾಸ ಸುಮಾರು 24. ನೇರ ಮೇಲಿಂದ ಬಿದ್ದರೆ ಧಾರಾಳ ಜಾಗ. ರಿಂಗಿನ ಮಟ್ಟಕ್ಕೆ 45 ಡಿಗ್ರಿ ಓರೆಯಲ್ಲಿ ಇಳಿದರೆ ಚೆಂಡಿನ ಪಾಲಿಗೆ ಆ ಬಾಯಿ 32 ಸೆಂ.ಮೀ.ಗೆ ಕಿರಿದಾಗುತ್ತೆ. 30 ಡಿಗ್ರಿಗೆ ಬಂದರೆ 22.5 ಅಷ್ಟೇ, ರಿಂಗ್ ಮುಟ್ಟದೆ ಒಳಗೆ ಹೋಗೋ ಮಾತೇ ಇಲ್ಲ. "ಇನ್ನೂ ಮೇಲೆ ಎಸಿ" ಅಂತ ಕೋಚ್ ಗಂಟಲು ಹರಕೊಳ್ಳೋದು ಇದಕ್ಕೇ.

ಹಾಗಾಗಿ ರಿಂಗಿನಿಂದ ಒಂದೂವರೆ ಮೀಟರ್ ದೂರ ನಿಲ್ಲಿ. ಪಾದಗಳ ನಡುವೆ ಭುಜದಗಲ ಅಂತರ, ಬಲಗೈಯವರಿಗೆ ಬಲಗಾಲು ಚೂರು ಮುಂದೆ. ಎರಡೂ ಪಾದ ಕೊಂಚ ಎಡಕ್ಕೆ ತಿರುಗಿದ್ದರೆ ಭುಜ ಬಿಗಿಯಾಗಲ್ಲ. ಚೆಂಡು ಬೆರಳುಗಳ ಮೇಲೆ ಕೂರಬೇಕು, ಚೆಂಡಿಗೂ ಅಂಗೈಗೂ ನಡುವೆ ಒಂದು ಬೆರಳು ತೂರುವಷ್ಟು ಸಂದಿ ಇರಲಿ. ಎಡಗೈ ಬೆನ್ನ ಹಿಂದೆ. ಒಂದೇ ಕೈಯಲ್ಲಿ 25 ಹಾಕಿ. ಎಸೆದದ್ದಲ್ಲ, ಒಳಗೆ ಬಿದ್ದದ್ದನ್ನು ಎಣಿಸಿ. ಆಮೇಲೆ ಎಡಗೈ ಸೇರಿಸಿ.

ಅಸಲು ತಾಪತ್ರಯ ಶುರುವಾಗೋದೇ ಆಗ. ಎಡಗೈಯ ಕೆಲಸ ಚೆಂಡು ಬೀಳದ ಹಾಗೆ ಪಕ್ಕದಲ್ಲಿ ಹಿಡಿಯೋದು ಮಾತ್ರ. ಆದರೆ ಬಿಡುವ ಹೊತ್ತಿಗೆ ಅದರ ಹೆಬ್ಬೆರಳು ಮೆಲ್ಲಗೆ ತಳ್ಳಿಬಿಡುತ್ತೆ, ಎಸೆದವರಿಗೇ ಗೊತ್ತಾಗಲ್ಲ. ಪತ್ತೆ ಮಾಡೋಕೆ ಹಳೇ ಚೆಂಡಿನ ಸುತ್ತ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿ, ಟೇಪ್ ರಿಂಗಿನ ಕಡೆ ನೆಟ್ಟಗಿರುವಂತೆ ಹಿಡಿದು ಎಸೆಯಿರಿ. ಗಾಳಿಯಲ್ಲಿ ಟೇಪ್ ಒಂದೇ ಗೆರೆಯಾಗಿ ಹಿಂದಕ್ಕೆ ಸುತ್ತುತ್ತಿದ್ದರೆ ಕೈ ಸರಿಯಿದೆ. ಬುಗುರಿಯ ಹಾಗೆ ಓಲಾಡಿದರೆ ಹೆಬ್ಬೆರಳೋ ಮೊಣಕೈಯೋ ಅಡ್ಡ ಬಂದಿದೆ. ಈ ಹಿಂದಕ್ಕೆ ಸುತ್ತೋದು ಬರೀ ಚೆಂದಕ್ಕಲ್ಲ. ರಿಂಗಿಗೆ ತಾಗಿದ ಚೆಂಡಿನ ಮುನ್ನುಗ್ಗುವ ವೇಗ ಅದರಿಂದ ಸಾಯುತ್ತೆ, ಹೊರಗೆ ಹಾರೋದರ ಬದಲು ಒಳಗೆ ಬೀಳೋ ಸಾಧ್ಯತೆ ಹೆಚ್ಚುತ್ತೆ.

ಎಡಬಲ ತಪ್ಪುತ್ತಿದ್ದರೆ ಕೈ ನೋಡಿ. ರಿಂಗ್ ತಲುಪದೆ ಮುಂದೆಯೇ ಬೀಳುತ್ತಿದ್ದರೆ ಮಂಡಿ ನೋಡಿ. ಸುಸ್ತಾದಾಗ ಮೊದಲು ಕೈಕೊಡೋದು ಕಾಲು. ಮಂಡಿ ಮೇಲೇಳುವಾಗಲೇ ಚೆಂಡೂ ಏಳಬೇಕು, ನಡುವೆ ನಿಂತರೆ ಕಾಲಿನ ಬಲ ಅಲ್ಲೇ ಸೋರಿಹೋಯ್ತು.

ಹತ್ತಕ್ಕೆ ಏಳು ಬಿದ್ದರೆ ಒಂದು ಹೆಜ್ಜೆ ಹಿಂದೆ. ಮೊಣಕೈ ಹೊರಗೆ ಹೋಯ್ತಾ, ಮತ್ತೆ ಮುಂದೆ ಬನ್ನಿ, ನಾಚಿಕೆ ಬೇಡ. ಫ್ರೀ ಥ್ರೋ ಗೆರೆ (ಫೌಲ್ ಆದಾಗ ಯಾರ ಅಡ್ಡಿಯಿಲ್ಲದೆ ಎಸೆಯೋ ಜಾಗ) ತಲುಪೋಕೆ ವಾರಗಳೇ ಹಿಡಿಯಬಹುದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು: ಒಂಬತ್ತು ವರ್ಷದ ಮಗುವಿಗೆ 7ನೇ ಸೈಜಿನ ಚೆಂಡು ಕೊಡಿಸಬೇಡಿ, "ಬೆಳೀತಾನಲ್ಲ" ಅಂತ ದೊಡ್ಡ ಶೂ ಕೊಡಿಸಿದ ಹಾಗಲ್ಲ ಇದು. 5ನೇ ಸೈಜ್ ಸಾಕು. ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ ರಿಂಗಿನ ಎತ್ತರವೇ 2.60 ಮೀಟರ್.

ಹಾಗೇ ನಿಮ್ಮ ಕೋರ್ಟಿನ ರಿಂಗಿಗೂ ಒಮ್ಮೆ ಅಳತೆ ಟೇಪ್ ಹಿಡಿದು ನೋಡಿ, 3.05 ಮೀಟರ್ ಇರಬೇಕು. ಜೋತುಬಿದ್ದೂ ಜೋತುಬಿದ್ದೂ ಮುಂದಿನ ಅಂಚು ಬಾಗಿದ್ದರೆ ಅಭ್ಯಾಸಕ್ಕೆ ಎದುರಿನ ರಿಂಗ್ ಹಿಡಿಯಿರಿ.